ಟಿಕಳಿ ತೆಗೆಸುವವಳು

ನಿಪ್ಪಾಣಿಯಲ್ಲಿ ನನ್ನ ಬೆನ್ನ ಹಿಂದೆ ನನಗೊಂದು ಹೆಸರು ಇಟ್ಟಿದ್ದಾರೆ: ಟಿಕಳಿ ತೆಗೆಸುವವಳು. ಟಿಕಳಿ ಎಂದರೆ ಹಣೆಗೆ ಅಂಟಿಸುವ ಸ್ಟಿಕ್ಕರ್ ಬೊಟ್ಟು. ಹೊಗಳಲು ಇಟ್ಟ ಹೆಸರಲ್ಲ. ಇಟ್ಟುಕೊಳ್ಳಲಿ. ಮಂದಿಯ ಬಾಯಿಗೆ ಹೆದರಿ ಮಂದಿಯ ಚರ್ಮ ಸುಡುವ ಕೆಲಸ ನನ್ನಿಂದ ಆಗುವುದಿಲ್ಲ.

ನನ್ನ ನಿಜವಾದ ಹೆಸರು ಅನಸೂಯಾ. ಚಿಂಚಲಿಯವಳು. ಕೊಲ್ಲಾಪುರದಲ್ಲಿ ಮೂರು ತಿಂಗಳು ಇದ್ದು ರೆಪ್ಪೆಗೂದಲು ಹಚ್ಚುವುದನ್ನು ಕಲಿತು, ಈಗ ಬ್ರಾಹ್ಮಿ ಅಕ್ಕನ ಬ್ಯೂಟಿ ಪಾರ್ಲರಿನ ಹಿಂದಿನ ಖೋಲಿಯಲ್ಲಿ ಅದೇ ಕೆಲಸ ಮಾಡುತ್ತೇನೆ. ಕಣ್ಣಿನ ಮೇಲಿನ ಸಾಲಿನ ಒಂದೊಂದು ಕೂದಲಿಗೂ ಒಂದೊಂದು ಉದ್ದ ಕೂದಲನ್ನು ಅಂಟಿನಿಂದ ಕೂಡಿಸಬೇಕು. ಎರಡು ತಾಸು ಹಿಡಿಯುತ್ತದೆ. ಅಷ್ಟು ಹೊತ್ತು ಕೆಳಗಿನ ಕೂದಲು ಮೇಲಿನದಕ್ಕೆ ಅಂಟಿಕೊಳ್ಳಬಾರದೆಂದು ಕಣ್ಣಿನ ಕೆಳಗೆ ಒಂದು ಟೇಪಿನ ಪಟ್ಟಿ ಹಚ್ಚಿ ಆ ಕೂದಲನ್ನು ಒತ್ತಿ ಹಿಡಿಯುತ್ತೇವೆ. ಎಲ್ಲ ರಗಳೆ ಇರುವುದು ಆ ಪಟ್ಟಿಯಲ್ಲಿ.

ಕಣ್ಣಿನ ಕೆಳಗಿನ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಕೆಲವರಿಗೆ ಟೇಪಿನ ಅಂಟು ಆಗಿಬರುವುದಿಲ್ಲ. ಕೆಂಪಾಗುತ್ತದೆ, ಉರಿಯುತ್ತದೆ, ಕೀಳುವಾಗ ಪದರವೇ ಕಿತ್ತು ಬರುತ್ತದೆ. ಅದಕ್ಕೆ ಒಂದು ದಿನ ಮೊದಲು ಬಂದು, ಮೊಣಕೈಯ ಒಳಗೆ ಒಂದು ಚೂರು ಟೇಪು ಹಚ್ಚಿಸಿಕೊಂಡು ಹೋಗಿ, ಮರುದಿನ ತೋರಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಯಾರೂ ಬರುವುದಿಲ್ಲ. ಹುಬ್ಬು, ಕೂದಲು, ರೆಪ್ಪೆ, ಬರುವಾಗ ಬ್ಲೌಸ್ ಪೀಸು, ಎಲ್ಲ ಒಂದೇ ದಿನದಲ್ಲಿ ಆಗಬೇಕು ಅವರಿಗೆ. ಸೀರೆಯ ಬಣ್ಣ ಹೋಗುತ್ತದೋ ಇಲ್ಲವೋ ಎಂದು ಅಂಗಡಿಯಲ್ಲೇ ಅಂಚು ನೆನೆಸಿ ನೋಡುವ ಹೆಂಗಸರು ತಮ್ಮ ಮುಖವನ್ನು ಮಾತ್ರ ನೋಡದೆ ಒಪ್ಪಿಸಿಬಿಡುತ್ತಾರೆ!

ಹೋದ ವರ್ಷ ದಿಗ್ಗೇವಾಡಿಯ ಅಕ್ಕವ್ವ ಎಂಬ ಹುಡುಗಿಗೆ ಹಾಗೇ ಆಯಿತು. ತಂಗಿಯ ಮದುವೆ ನಾಳೆ ಎಂದು ಬಂದಳು. ಬ್ರಾಹ್ಮಿ ಅಕ್ಕ "ಹಚ್ಚಿ ಕಳಸು" ಎಂದಳು, ನಾನು ಹಚ್ಚಿದೆ. ಕೀಳುವಾಗ ಎಡಗಣ್ಣಿನ ಕೆಳಗೆ ಬೆರಳಗಲದ ಚರ್ಮ ಪಟ್ಟಿಯ ಜೊತೆಗೇ ಬಂತು. ಆ ಹುಡುಗಿ ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಾನೇ ಅವಳನ್ನು ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಕಣ್ಣು ನೋಡಿದರು, ಆಮೇಲೆ ಏನೂ ಕೇಳದೆ ಅವಳ ಹಣೆಯ ಮೇಲಿನ ಟಿಕಳಿಯನ್ನು ಉಗುರಿನಿಂದ ಎತ್ತಿದರು. ಕೆಳಗೆ ತುರಿಗುಳ್ಳೆ ಎದ್ದು, ನಡುವೆ ಬಿಳಿ ಚುಕ್ಕಿ ಇತ್ತು. "ಅಂಟು ಆಗುವುದಿಲ್ಲ ಎಂದು ಈ ಹಣೆ ಎಷ್ಟೋ ದಿನದಿಂದ ಹೇಳುತ್ತಿದೆ, ನೀವು ಕೇಳಿಲ್ಲ" ಎಂದರು. ಆ ಬಿಳುಪೂ ಟಿಕಳಿಯ ಅಂಟಿನಿಂದಲೇ ಬಂದದ್ದು, ಎಲ್ಲರ ಹಣೆಯೂ ಪೂರ್ತಿ ಹೇಳುವುದಿಲ್ಲ, ಟಿಕಳಿಯ ಅಂಟೂ ಟೇಪಿನ ಅಂಟೂ ಒಂದೇ ಅಲ್ಲ, ಆದರೆ ಹಣೆಯ ಮೇಲೆ ಹೀಗಿದ್ದವರಿಗೆ ಪರೀಕ್ಷೆ ಮಾಡದೆ ಟೇಪು ಹಚ್ಚಲೇಬೇಡ ಎಂದೂ ಹೇಳಿದರು.

ಆ ಬಿಳಿ ಚುಕ್ಕಿ ನನಗೆ ಹೊಸದಲ್ಲ. ಅಂಥದ್ದೇ ಚುಕ್ಕಿ ನಮ್ಮವ್ವ ಹೊಳೆವ್ವನ ಹಣೆಯ ಮೇಲೂ ಇದೆ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಬಂದದ್ದು. ದೇವರ ಮುನಿಸು ಎಂದರು. ಓಣಿಯಲ್ಲಿ ಉಡಿ ತುಂಬುವ ಕಾರ್ಯಗಳಿಗೆ ಅವ್ವನನ್ನು ಕರೆಯುವುದು ನಿಂತಿತು. ಅವ್ವ ಏನು ಮಾಡಿದಳು? ಚುಕ್ಕಿ ಮುಚ್ಚಲು ದೊಡ್ಡ ಟಿಕಳಿ ಹಚ್ಚಿದಳು. ಚುಕ್ಕಿ ಬೆಳೆಯಿತು. ಇನ್ನೂ ದೊಡ್ಡದು ಹಚ್ಚಿದಳು. ಸುಡುವುದನ್ನೇ ಮೇಲಿಂದ ಮೇಲೆ ಹಚ್ಚಿ ಸುಟ್ಟದ್ದನ್ನು ಮುಚ್ಚುವುದು. ನೆನೆದರೆ ಈಗಲೂ ನನ್ನ ಪಿತ್ತ ನೆತ್ತಿಗೇರುತ್ತದೆ.

ಅಂದಿನಿಂದ ನನ್ನ ಖೋಲಿಗೆ ಬಂದವರ ಟಿಕಳಿ ಎತ್ತಿ ನೋಡದೆ ನಾನು ಟೇಪಿನ ಸುರುಳಿ ಮುಟ್ಟುವುದಿಲ್ಲ. ಇದಕ್ಕೆ ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ಮುತ್ತೈದೆಯ ಹಣೆ ಬರಿದು ಮಾಡುತ್ತಾಳೆ ಎಂದು ಇಬ್ಬರು ಎದ್ದು ಹೋದರು. ಬ್ರಾಹ್ಮಿ ಅಕ್ಕ ಹೋದ ತಿಂಗಳು ಸ್ಪಷ್ಟವಾಗಿ ಹೇಳಿದ್ದಳು, "ಇನ್ನೊಬ್ಬರು ಹಿಂಗ ಎದ್ದು ಹೋದ್ರ, ಅವರ ಹಿಂದ ನೀನೂ ಹೋಗೋದ ನೋಡ."

ಅಂಥ ಹೊತ್ತಿನಲ್ಲಿ ಭೋಜದಿಂದ ಕಾಶಿಬಾಯಿ ಬಂದರು, ಸೊಸೆ ತ್ರಿಶಲಾಳನ್ನು ಕರೆದುಕೊಂಡು. ದೊಡ್ಡ ಒಕ್ಕಲುತನದ ಜೈನ ಮನೆತನ. ಇನ್ನೈದು ದಿನಕ್ಕೆ ಅವರ ಬಸದಿಯಲ್ಲಿ ಪಂಚಕಲ್ಯಾಣ ಪೂಜೆ. ಮಗ ಸಮ್ಮೇದ ಇಂದ್ರನಾಗಿ, ತ್ರಿಶಲಾ ಇಂದ್ರಾಣಿಯಾಗಿ ಕಿರೀಟ ತೊಟ್ಟು ಇಡೀ ಊರಿನ ಮುಂದೆ ಕೂರುವವರು. ಮೇಲಿನಿಂದ ಡ್ರೋನ್ ಕ್ಯಾಮೆರಾ ಬೇರೆ ಹಾರುತ್ತದಂತೆ. ಅದಕ್ಕೇ ರೆಪ್ಪೆ.

ತ್ರಿಶಲಾಳಿಗೆ ಇಪ್ಪತ್ತನಾಲ್ಕು ಇರಬಹುದು. ಮಂಚದ ತುದಿಗೆ ಕೂತವಳು ತಲೆ ಎತ್ತಲಿಲ್ಲ. ಮಾತೆಲ್ಲ ಅತ್ತೆಯದೇ.

"ಇದು ಪ್ರಾಣಿ ಕೂದಲ ಅಲ್ಲಲಾ? ಮೊದ್ಲ ಹೇಳಿಬಿಡು."

"ಅಲ್ರಿ ಕಾಕು. ಕಾರಖಾನ್ಯಾಗ ಮಾಡಿದ್ದು. ಯಾವ ಜೀವಕ್ಕೂ ತ್ರಾಸ ಕೊಟ್ಟಿಲ್ಲ."

"ಮತ್ತ ಅಂಟ? ಎಲುಬಿಂದು, ತೊಗಲಿಂದು ಏನರೆ ಇರ್ತೈತೇನ ಅದರಾಗ?"

"ಇಲ್ರಿ."

"ಇಲ್ಲ ಅಂದ್ರ ಆತೇನ? ಡಬ್ಬಿ ಮ್ಯಾಲ ಬರದದ್ದು ಓದು."

ಓದಿದೆ. ಎರಡು ಸಲ ಓದಿಸಿದರು. ಆ ಪ್ರಶ್ನೆಗೆ ನಾನು ಎಂದೂ ಬೇಸರ ಮಾಡಿಕೊಂಡಿಲ್ಲ. ಜೈನರ ಮನೆಯವರು ಕೇಳಿಯೇ ಕೇಳುತ್ತಾರೆ, ಕೇಳಲೂಬೇಕು. ಎಲ್ಲ ಒಪ್ಪಿಗೆಯಾಗಿ ಅವರು ಕುರ್ಚಿಗೆ ಒರಗಿದ ಮೇಲೆ ನಾನು ನನ್ನ ಮಾತು ತೆಗೆದೆ.

"ಕಾಕು, ಟೇಪ್ ಆಗಿಬರತೈತಿಲ್ಲೋ ಅಂತ ಒಂದಿನ ಕೈಗೆ ಹಚ್ಚಿ ನೋಡಬೇಕ್ರಿ. ಅದಕ್ಕೂ ಮೊದ್ಲ ಇವರ ಟಿಕಳಿ ಒಂದಿಷ್ಟ ತಗದು ಹಣಿ ನೋಡಬೇಕ್ರಿ."

ಕಾಶಿಬಾಯಿ ಒರಗಿದಲ್ಲಿಂದ ಎದ್ದೇಬಿಟ್ಟರು.

"ಏನಂದಿ? ನನ್ನ ಮಗ ಹೊರಗ ಗಾಡ್ಯಾಗ ಕುಂತಾನ, ಗಟ್ಟಿಮುಟ್ಟ ಅದಾನ! ಅವನ ಹೇಣ್ತಿ ಹಣಿ ಮ್ಯಾಲಿನ ಟಿಕಳಿ ತಗಿ ಅಂತೀಯೇನ? ಅದೂ ಇಂದ್ರಾಣಿ ಆಗಾಕಿದು? ಬ್ರಾಹ್ಮೀ! ಎಲ್ಲಿಂದ ಹಿಡಕೊಂಡ ಬಂದೀ ಇಕಿನ್ನ?"

ಮುಂದಿನ ಖೋಲಿಯಲ್ಲಿ ಯಾರದೋ ಹುಬ್ಬು ಮಾಡುತ್ತಿದ್ದ ಬ್ರಾಹ್ಮಿ ಅಕ್ಕ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಓಡಿ ಬಂದಳು. ಕಾಶಿಬಾಯಿಯ ಮುಂದೆ ಕೈ ಮುಗಿದಳು, ನನ್ನ ಕಡೆ ಕಣ್ಣು ಬಿಟ್ಟಳು.

"ಸುಮ್ಮನ ಹಚ್ಚು ಅನಸೂಯಾ. ಅಂದದ್ದು ನೆನಪ ಐತಿಲ್ಲೋ?"

ನೆನಪಿತ್ತು. ನಾನಿರುವ ಮನೆಯ ಬಾಡಿಗೆಯೂ ನೆನಪಿತ್ತು. ಆದರೆ ತ್ರಿಶಲಾ ತೋರುಬೆರಳಿನಿಂದ ಟಿಕಳಿಯ ಅಂಚನ್ನು ಮೆಲ್ಲಗೆ ಒತ್ತಿ ಒತ್ತಿ ಬಿಡುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ನೇರ ತುರಿಸಿಕೊಂಡರೆ ಗೊತ್ತಾಗುತ್ತದೆಂದು ಹೀಗೆ ಒತ್ತುತ್ತಾರೆ. ನಮ್ಮವ್ವನೂ ಹೀಗೇ ಮಾಡುತ್ತಾಳೆ. ಟಿಕಳಿ ಎಂಟಾಣೆಯಷ್ಟು ಅಗಲವಿತ್ತು. ಆ ವಯಸ್ಸಿನ ಯಾವ ಹುಡುಗಿ ಈಗ ಅಷ್ಟು ದೊಡ್ಡದು ಹಚ್ಚುತ್ತಾಳೆ?

ನನಗೆ ಸಿಟ್ಟು ತಡೆಯಲಾಗಲಿಲ್ಲ. ಎಲ್ಲಿಯದೋ ಕಾಣದ ಪ್ರಾಣಿಯ ಸಲುವಾಗಿ ಡಬ್ಬಿಯ ಅಕ್ಷರ ಎರಡೆರಡು ಸಲ ಓದಿಸಿದ ಹೆಂಗಸು, ಎದುರಿಗೆ ಕೂತ ಸೊಸೆಯ ಚರ್ಮದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಸೊಸೆಯ ಜೀವ ಜೀವವಲ್ಲವೇ?

"ಕಾಕು," ಎಂದೆ, "ಯಾವ ಪ್ರಾಣಿಗೂ ತ್ರಾಸ ಆಗಬಾರ್ದು ಅಂತ ನೀವು ಕೇಳಿದ್ರಿ, ಚಲೋ ಆತು. ಇವರಿಗೆ ತ್ರಾಸ ಆಕ್ಕೈತೇನು ಅಂತ ನಾ ಕೇಳಾಕತ್ತೇನಿ. ನಾ ಕೇಳೋದೂ ಅದನ್ನ. ಬ್ಯಾರೆ ಏನೂ ಅಲ್ಲ."

ಬ್ರಾಹ್ಮಿ ಅಕ್ಕನ ಬಾಯಿಂದ ದಾರ ಬಿತ್ತು. ಕಾಶಿಬಾಯಿ ಉತ್ತರ ಹುಡುಕುವುದರೊಳಗೆ ನಾನು ಟ್ರಾಲಿಯಿಂದ ಕುಂಕುಮದ ಭರಣಿ ತೆಗೆದು ಅವರ ಮುಂದೆ ಹಿಡಿದೆ. ಇಬ್ಬರು ಎದ್ದು ಹೋದ ಮೇಲೆ ನಾನೇ ತಂದಿಟ್ಟುಕೊಂಡ ಭರಣಿ ಅದು.

"ಮೊದ್ಲ ನಿಮ್ಮ ಕೈಯಾರೆ ಸೊಸಿಗೆ ಕುಂಕುಮ ಹಚ್ರಿ, ಟಿಕಳಿಗಿಂತ ಒಂದ ಬೆರಳ ಮ್ಯಾಲ. ಆಮ್ಯಾಲ ನಾ ಟಿಕಳಿ ಎತ್ತತೇನಿ. ಹಣಿ ಒಂದ ಚಣಾನೂ ಬರೇದಾಗೂದಿಲ್ಲ."

ಕುಂಕುಮ ಬೇಡ ಎನ್ನಲು ಯಾವ ಅತ್ತೆಗೂ ಬಾಯಿ ಬರುವುದಿಲ್ಲ. ಮುಖ ಗಂಟು ಹಾಕಿಕೊಂಡೇ ಹಚ್ಚಿದರು. ನಾನು ಹತ್ತಿಯನ್ನು ಬೆಚ್ಚನೆ ನೀರಿನಲ್ಲಿ ಅದ್ದಿ ಟಿಕಳಿಯ ಸುತ್ತ ಒತ್ತಿ, ಅಂಟು ನೆನೆದ ಮೇಲೆ, ಚರ್ಮವನ್ನು ಒಂದು ಬೆರಳಿನಿಂದ ಹಿಡಿದು ಮೆಲ್ಲಗೆ ಎತ್ತಿದೆ.

ಕೆಳಗೆ ಹಸಿ ಗಾಯ. ನೀರು ಒಸರುತ್ತಿತ್ತು. ನಡುವೆ ಜೋಳದ ಕಾಳಿನಷ್ಟು ಬಿಳುಪು.

ಈಗ ಕಾಶಿಬಾಯಿಗೆ ಅರ್ಥವಾಗುತ್ತದೆ, ಅಯ್ಯೋ ಎನ್ನುತ್ತಾರೆ ಎಂದುಕೊಂಡಿದ್ದ ನನ್ನ ದಡ್ಡತನಕ್ಕೆ ಏನು ಹೇಳಲಿ!

"ಬಿಳಿ ಕಲಿ! ತೊನ್ನು!" ಎಂದರು ಅವರು. ದನಿ ಇಳಿದಿತ್ತು, ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು. "ಇದು ಯಾವಾಗಿಂದ ಐತಿ? ತವರಮನಿಂದ ತಂದಿಯೇನ? ಮದಿವ್ಯಾಗ ಮುಚ್ಚಿಟ್ಟ ಕೊಟ್ಟಾರೇನ ನಿಮ್ಮವರು? ಇಂಥಾಕಿನ್ನ ಇಂದ್ರಾಣಿ ಮಾಡಿ ಕುಂದ್ರಿಸಿದ್ರ ಮಂದಿ ಏನಂದಾರು? ತಡಿ, ನಿಮ್ಮ ಮಾವಗ ಫೋನ್ ಹಚ್ಚತೇನಿ."

ತ್ರಿಶಲಾ ಅಂಗೈಯಿಂದ ಹಣೆ ಮುಚ್ಚಿಕೊಂಡಳು. ಕಣ್ಣಿನ ಕೆಳಗಿನ ಚರ್ಮ ಉಳಿಸಲು ಹೋಗಿ ನಾನು ಈ ಹುಡುಗಿಯ ಸಂಸಾರಕ್ಕೇ ಕೈ ಹಾಕಿದ್ದೆ. ಅವಳು ಮುಚ್ಚಿಕೊಂಡು ಹೇಗೋ ದಿನ ತೆಗೆಯುತ್ತಿದ್ದಳು. ನಾನು ಅತ್ತೆಯ ಎದುರಿಗೇ ಬಿಚ್ಚಿ ತೋರಿಸಿದೆ. ನಿಯಮ, ನಿಯಮ ಎಂದು ಕುಣಿಯುವ ನಾನು, ಅತ್ತೆಯನ್ನು ಹೊರಗೆ ಕೂರಿಸಿ ನೋಡಬೇಕೆಂಬಷ್ಟು ಬುದ್ಧಿಯೂ ಇಲ್ಲದವಳು.

"ಫೋನ್ ಇಡ್ರಿ ಕಾಕು," ಎಂದು ಕೂಗಿಯೇ ಬಿಟ್ಟೆ. "ಇದು ರೋಗ ಅಲ್ಲ. ಟಿಕಳಿ ಹಿಂದಿನ ಅಂಟಿಂದ ಆಗಿದ್ದು. ಡಾಕ್ಟರ ನನ್ನ ಮುಂದ ಹೇಳ್ಯಾರ. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ, ತವರಿಂದ ಬರೂದಿಲ್ಲ. ನಮ್ಮವ್ವಗೂ ಐತಿ. ಟಿಕಳಿ ಬಿಟ್ರ ಗಾಯ ಮಾಯತೈತಿ."

"ಊರಾಗ ಎಲ್ಲಾರೂ ಟಿಕಳಿ ಹಚ್ಚತಾರ. ಎಲ್ಲಾರಿಗೂ ಹಿಂಗ ಆಗೇತೇನ?"

"ಎಲ್ಲಾರಿಗೂ ಆಗೂದಿಲ್ರಿ. ಆದವರು ಹೇಳೂದಿಲ್ಲ."

ಕಾಶಿಬಾಯಿ ನಂಬಲಿಲ್ಲ. ಮೊಬೈಲಿನಲ್ಲಿ ಗಂಡನ ಹೆಸರು ಹುಡುಕುತ್ತಿದ್ದರು. ಆಗ, ಬಂದಾಗಿನಿಂದ ಒಂದು ಅಕ್ಷರ ಆಡದಿದ್ದ ತ್ರಿಶಲಾ ಬಾಯಿ ತೆರೆದಳು.

"ಅತ್ತಿ, ನಿಮಗೂ ಐತಲ್ರಿ."

ಕಾಶಿಬಾಯಿಯ ಬೆರಳು ನಿಂತಿತು.

"ನಿಮ್ಮ ತಲಿಗೆ ಎಣ್ಣಿ ಹಚ್ಚಾಗ ಟಿಕಳಿ ಸರದಿತ್ತು, ನೋಡೇನಿ. ಯಾರ ಮುಂದೂ ಹೇಳಿಲ್ರಿ, ನಿಮ್ಮ ಮಗನ ಮುಂದೂ ಹೇಳಿಲ್ಲ. ನನಗ ದೀಪಾವಳಿ ಮುಂದ ತುರಸಾಕ ಚಾಲೂ ಆತು. ನೀವು ದೊಡ್ಡ ಟಿಕಳಿ ಹಚ್ಚಿ ಮುಚ್ಚತೀರಿ ಅಂತ ನಾನೂ ದೊಡ್ಡದ ಹಚ್ಚಾಕತ್ತೆ."

ಹೀಗೂ ಒಂದು ವಿದ್ಯೆ ಅತ್ತೆಯಿಂದ ಸೊಸೆಗೆ ಬರುತ್ತದೆ, ಯಾರೂ ಕಲಿಸದೆ. ಬ್ರಾಹ್ಮಿ ಅಕ್ಕ ನೆಲದ ಮೇಲಿನ ದಾರ ಎತ್ತಿಕೊಂಡು, ಸದ್ದಿಲ್ಲದೆ ಹೊರಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದಳು. ಆ ಒಂದು ಕೆಲಸಕ್ಕೆ ನಾನು ಅವಳ ಉಳಿದ ಮಾತೆಲ್ಲ ಮರೆತೆ.

ಕಾಶಿಬಾಯಿ ಕೂತರು. ಕೈ ತಾನಾಗಿಯೇ ಹಣೆಗೆ ಹೋಯಿತು. ನಾನು ಭರಣಿಯನ್ನು ಅವರ ಕಡೆ ಸರಿಸಿದೆ. ಅವರು ತಾವೇ ಬೆರಳು ಅದ್ದಿ ಬೈತಲೆಯ ಬುಡಕ್ಕೆ ಕುಂಕುಮ ಹಚ್ಚಿಕೊಂಡರು, ಆಮೇಲೆ ಟಿಕಳಿ ಕಿತ್ತರು. ಮೆಲ್ಲಗೆ ಅಲ್ಲ, ಒಂದೇ ಏಟಿಗೆ. ರೂಪಾಯಿಯಷ್ಟು ಅಗಲದ ಬಿಳುಪು, ನಡುವೆ ಸುಕ್ಕುಗಟ್ಟಿದ ಚರ್ಮ.

"ಮದಿವ್ಯಾಗಿ ವರ್ಷ ತುಂಬಿರಲಿಲ್ಲ, ಇದು ಬಂತು," ಎಂದರು. "ನಮ್ಮತ್ತಿ ಬಸದಿ ಪೂಜಿ ಸಾಮಾನ ಮುಟ್ಟಬ್ಯಾಡ ಅಂದ್ಲು. ಆಕಿ ಸಾಯೂತನಾ ನಾ ಅಭಿಷೇಕದ ತಂಬಿಗಿ ಮುಟ್ಟಲಿಲ್ಲ. ಯಾವ ಜನ್ಮದ ಕರ್ಮನೋ, ಉಣಬೇಕು ಅಂತ ಎಷ್ಟ ಉಪಾಸ ಮಾಡೇನಿ ಗೊತ್ತೇನ ನಿನಗ? ಎಷ್ಟ ಉಪಾಸ! ಮೂವತ್ತೆರಡ ವರ್ಷ ಆತು." ಅವರ ದನಿ ಒಮ್ಮೆಲೇ ಏರಿತು. "ಅಂಟಂತ! ಒಂದ ಚೂರ ಅಂಟ! ಒಬ್ಬಾಕಿಯರೆ ಹೇಳಬೇಕಿತ್ತಿಲ್ಲೋ ನನಗ? ಇಷ್ಟ ಮಂದಿ ಹೆಂಗಸರ ನಡುವ ಇದ್ದೇನಿ, ಒಬ್ಬಾಕಿಯರೆ?"

ಆ ಸಿಟ್ಟು ಯಾರ ಮೇಲೆ ಎಂದು ಅವರಿಗೂ ಗೊತ್ತಿರಲಿಲ್ಲ. ನನ್ನ ಸಿಟ್ಟಿಗೆ ಅಂಥ ಸಂಗಾತಿ ಸಿಕ್ಕದ್ದು ಅದೇ ಮೊದಲು. ತ್ರಿಶಲಾ ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತಳು. ಕಾಶಿಬಾಯಿ ಅವಳನ್ನು ತಬ್ಬಿಕೊಳ್ಳಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಕಣ್ಣೊರೆಸಿಕೊಂಡು ಮೊಬೈಲನ್ನು ಚೀಲಕ್ಕೆ ಹಾಕಿ ನನ್ನನ್ನು ಗದರಿದರು.

"ನಿಂತ ಏನ ನೋಡತಿ? ಅದೇನೋ ಕೈಗೆ ಹಚ್ಚಿ ನೋಡೋದಂದಿ, ಹಚ್ಚು. ನಾಳಿ ಬರತೇವಿ."

ತ್ರಿಶಲಾಳ ಮೊಣಕೈಯ ಒಳಗೆ ಎರಡು ಚೂರು ಹಚ್ಚಿದೆ: ಒಂದು ಟೇಪು, ಇನ್ನೊಂದು ಅಂಟಿಲ್ಲದೆ ತಾನೇ ಮೆತ್ತಗೆ ಕೂರುವ ಸಿಲಿಕೋನ್ ಪಟ್ಟಿ, ಮೇಲೆ ಸಡಿಲವಾಗಿ ಸುತ್ತಿದ ಬಟ್ಟೆ. ತುರಿಸಿದರೆ ಅಲ್ಲೇ ತೆಗೆದುಬಿಡಿ, ನಾಳೆಯವರೆಗೆ ಕಾಯಬೇಡಿ ಎಂದೆ. ಹಣೆಯ ಗಾಯವನ್ನು ಡಾಕ್ಟರರಿಗೆ ತೋರಿಸಿ ಎಂದು ಚೀಟಿ ಬರೆದು ಕೊಟ್ಟೆ.

ಮರುದಿನ ಮಧ್ಯಾಹ್ನ ಬಂದರು. ಟೇಪು ಹಚ್ಚಿದ ಜಾಗ ಉಬ್ಬಿ ಕೆಂಪಾಗಿತ್ತು. ಸಂಜೆ ಊಟಕ್ಕೆ ಮೊದಲೇ ಕಿತ್ತರಂತೆ. ಸಿಲಿಕೋನಿನ ಜಾಗ ಸ್ವಚ್ಛ. ಆ ಟೇಪು ಎರಡು ತಾಸು ಅವಳ ಕಣ್ಣಿನ ಕೆಳಗೆ ಇದ್ದಿದ್ದರೆ ಇಂದ್ರಾಣಿ ಊದಿದ ಕಣ್ಣು ಹೊತ್ತು ಕಿರೀಟ ತೊಡಬೇಕಿತ್ತು. ರೆಪ್ಪೆಯ ಅಂಟನ್ನೂ ಕಣ್ಣಿನ ಮೂಲೆಯಲ್ಲಿ ಎರಡೇ ಕೂದಲಿಗೆ ಹಚ್ಚಿ, ಒಂದು ತಾಸು ಕೂರಿಸಿ ನೋಡಿದೆ. ಉರಿ ಇರಲಿಲ್ಲ. ಆಮೇಲೆ ಸಿಲಿಕೋನ್ ಪಟ್ಟಿ ಇಟ್ಟು, ಕೆಳರೆಪ್ಪೆಯ ಒದ್ದೆ ಒಳಅಂಚಿಗೆ ತಾಗದಂತೆ ಸರಿಸಿ, ನಡುನಡುವೆ ಕೇಳುತ್ತಾ ಕೆಲಸ ಮುಗಿಸಿದೆ. ಪಟ್ಟಿ ತೆಗೆದರೆ ಚರ್ಮದ ಮೇಲೆ ಒಂದು ಗೀರೂ ಇಲ್ಲ. ತ್ರಿಶಲಾ ಕನ್ನಡಿಯಲ್ಲಿ ರೆಪ್ಪೆ ನೋಡಿಕೊಳ್ಳಲಿಲ್ಲ, ಮೊದಲು ಕಣ್ಣಿನ ಕೆಳಗೆ ಬೆರಳಾಡಿಸಿ ನೋಡಿಕೊಂಡಳು. ಅವಳ ಹಣೆಯ ಮೇಲೆ, ಗಾಯಕ್ಕಿಂತ ಎತ್ತರದಲ್ಲಿ, ಕುಂಕುಮ ಇತ್ತು. ಅತ್ತೆಯ ಹಣೆಯ ಮೇಲೂ ಕುಂಕುಮವೇ. ಬಿಳುಪು ಕಾಣುತ್ತಿತ್ತು. ಮುಚ್ಚಿರಲಿಲ್ಲ.

ನಾನು ಉಬ್ಬಿ ಹೋಗಿದ್ದೆ, ಸುಳ್ಳೇಕೆ ಹೇಳಲಿ. ಕಾಶಿಬಾಯಿ ಚಪ್ಪಲಿ ಮೆಟ್ಟುತ್ತಾ ಕೇಳಿದರು.

"ನಿಮ್ಮವ್ವಗೂ ಐತಿ ಅಂದಿದ್ದೆಲಾ ನಿನ್ನೆ. ಈಗ ಆಕಿ ಕುಂಕುಮ ಹಚ್ಚತಾಳೇನ?"

ನಾನು ಹತ್ತಿಯ ಉಂಡೆಗಳನ್ನು ಡಬ್ಬಿಗೆ ತುಂಬಿದೆ. ಅವರು ಹೋಗಲಿಲ್ಲ, ನಿಂತೇ ಇದ್ದರು.

"ಇಲ್ರಿ," ಎಂದೆ. "ಹೇಳಬೇಕಂತ ಮಾಡೇನಿ. ಅವ್ವಗ ಟಿಕಳಿ ತಗಿ ಅನ್ನಾಕ..."

"ಹೇಳಿಲ್ಲ?" ಕಾಶಿಬಾಯಿಯ ಹುಬ್ಬು ಮೇಲೇರಿತು. "ಯಾರದೋ ಸೊಸಿ ಸಲುವಾಗಿ ನನ್ನ ಕೂಡ ಗಂಟಲ ಹರಕೊಂಡಿ. ಬ್ರಾಹ್ಮಿ ಬ್ಯಾಡ ಅಂದ್ರೂ ಕೇಳಲಿಲ್ಲ. ಹಡದಾಕಿಗೆ ಹೇಳಾಕ ಬಾಯಿ ಇಲ್ಲೇನ ನಿನಗ?"

ಮುಖಕ್ಕೆ ಹೊಡೆದಂತಾಯಿತು. ಅವರು ಹೋದರು. ನಾನು ಖೋಲಿಯ ಬಾಗಿಲು ಹಾಕಿಕೊಂಡು ಚಿಂಚಲಿಗೆ ಫೋನ್ ಮಾಡಿದೆ. ಮುಂದಿನ ಗಿರಾಕಿ ಕಾಯಲಿ.

"ಅವ್ವಾ, ಹಣಿ ಮ್ಯಾಲಿನ ಟಿಕಳಿ ತಗಿ."

"ಹುಚ್ಚ ಹಿಡದೈತೇನ ಬೇ ನಿನಗ?" ಅವ್ವನ ಕೂಗಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ನಿಮ್ಮಪ್ಪ ಇಲ್ಲೇ ಅಂಗಳದಾಗ ಎಮ್ಮಿ ಮೈ ತೊಳ್ಯಾಕತ್ತಾನ! ಜೀವಂತ ಅದಾನ!"

"ಮೊದ್ಲ ಕುಂಕುಮ ಹಚ್ಕೋ ಅವ್ವಾ, ಆಮ್ಯಾಲ ತಗಿ. ಆ ಬಿಳಿ ಚುಕ್ಕಿ ದೇವರ ಮುನಿಸ ಅಲ್ಲ. ಟಿಕಳಿ ಅಂಟಿಂದ ಬಂದದ್ದು. ಡಾಕ್ಟರ ಹೇಳ್ಯಾರ."

ಅಪ್ಪ ಎಮ್ಮೆಗೆ ನೀರು ಸುರಿಯುವುದು ಕೇಳಿಸುತ್ತಿತ್ತು.

"ಮುನಿಸ ಅಲ್ಲಾ?" ಎಂದಳು ಕೊನೆಗೆ.

"ಅಲ್ಲವ್ವಾ."

"ನಿನಗ ಯಾವಾಗ ಗೊತ್ತಾತು?"

ನಿನ್ನೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಹ್ವಾದ ವರ್ಷ," ಎಂದೆ.

ಬೈಯಲೆಂದು ಕಾದೆ. ಅವ್ವ ಬೈಯಲಿಲ್ಲ. ಕುಂಕುಮದ ಭರಣಿಯ ಮುಚ್ಚಳ ತೆಗೆದಿಟ್ಟ ಸದ್ದು ಮಾತ್ರ ಬಂತು.